ಮೂವತ್ತೊಂದು ಟೈಪ್‌ರೈಟರುಗಳ ಅಕ್ಕಾರು

ಬೆಟಗೇರಿಯ ಬೀದಿಯಲ್ಲಿ ಎದುರಿಗೆ ಯಾರೂ ಇಲ್ಲದಿದ್ದರೂ, ಎರಡೂ ಬದಿಗೆ ಬಂಡಿ ಹಾಯುವಷ್ಟು ಜಾಗ ಖಾಲಿ ಬಿದ್ದಿದ್ದರೂ, ಒಂದು ಭುಜವನ್ನು ಮುಂದೆ ಮಾಡಿ ಇನ್ನೊಂದನ್ನು ಹಿಂದಕ್ಕೆಳೆದುಕೊಂಡು ಓರೆಯಾಗಿ ನಡೆದು ಬರುವ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಕಂಡರೆ, ಅವರು ಶೇಖವ್ವ ಅಕ್ಕಾರೇ ಎಂದು ನಿಸ್ಸಂಶಯವಾಗಿ ತಿಳಿಯಬಹುದು. ಅದು ವಾತವಲ್ಲ, ಸೊಂಟದ ನೋವೂ ಅಲ್ಲ. ಮನೆಯಲ್ಲಿ ಮೂವತ್ತೊಂದು ಟೈಪ್‌ರೈಟರುಗಳ ನಡುವೆ ಇಪ್ಪತ್ತು ವರ್ಷ ಓರೆಯಾಗಿ ಓಡಾಡಿದ ದೇಹ ಬಯಲಿಗೆ ಬಂದ ಮೇಲೂ ಆ ಅಭ್ಯಾಸವನ್ನು ಬಿಟ್ಟಿಲ್ಲ, ಅಷ್ಟೇ. ಪಡಸಾಲೆಯಲ್ಲಿ ಹನ್ನೆರಡು, ಅಟ್ಟದ ಮೇಲೆ ಹತ್ತು, ದೇವರ ಕೋಣೆಯ ಹೊಸ್ತಿಲ ಪಕ್ಕದಲ್ಲಿ ಎರಡು, ಉಳಿದವು ಮಂಚದ ಕೆಳಗೆ. ಅವರ ಪತಿ, ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದ ಉಳವಪ್ಪನವರು, ಬಂದವರಿಗೆಲ್ಲ ಹೇಳುವ ಸ್ವಾಗತದ ಮಾತು ಒಂದೇ: "ಬರ್ರಿ, ನಿಂದರ್ರಿ. ಈ ಮನ್ಯಾಗ ಕುಂಡ್ರೂ ಹಕ್ಕು ಮಷೀನಿಗಷ್ಟ ಐತಿ."

ಉಳವಪ್ಪನವರ ಖಾಕಿ ಕೋಟು ಈಗ ಅಕ್ಕಾರ ಮೈಮೇಲಿದೆ. ಇಳಕಲ್ ಸೀರೆಯ ಮೇಲೆ ಆ ಕೋಟು ಧರಿಸಿ, ಒಂದು ಕಾಲದಲ್ಲಿ ಟಿಕೀಟಿನ ಕಟ್ಟುಗಳಿರುತ್ತಿದ್ದ ಕಿಸೆಯಲ್ಲಿ ಸ್ಕ್ರೂಡ್ರೈವರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಡಬ್ಬಿ ಇಟ್ಟುಕೊಂಡು ಅವರು ಯಂತ್ರವೊಂದರ ಮುಂದೆ ಕುಳಿತರೆ, ಮನೆಗೆ ಹೊಸಬರು ಬಂದದ್ದೂ ತಿಳಿಯುವುದಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕಾರು ಎನ್ನುವುದು ರೂಢಿ. ಶೇಖವ್ವ ಶಾಲೆಯಲ್ಲಿ ಕಲಿಸಿದವರಲ್ಲ. ಹರ್ತಿಯ ಒಕ್ಕಲುತನದ ಮನೆಯ ಹುಡುಗಿ, ಹತ್ತನೆಯ ಇಯತ್ತೆ ಮುಗಿಸಿ, ದಿನಾ ಗದಗಿಗೆ ಬಂದು ಬೆರಳಚ್ಚು ಕಲಿತು, ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ತಾವೇ ಆರು ಯಂತ್ರಗಳ ಟೈಪಿಂಗ್ ಕ್ಲಾಸು ತೆರೆದರು. ಜಿಲ್ಲೆಯ ಯಾವ ಕಚೇರಿಗೆ ಹೋದರೂ ಅವರ ಶಿಷ್ಯರೊಬ್ಬರಾದರೂ ಎದ್ದು ನಿಂತು ನಮಸ್ಕರಿಸುವ ಕಾಲವೊಂದಿತ್ತು. ಅಕ್ಷರದ ಗುಂಡಿಗಳ ಮೇಲೆ ಬಟ್ಟೆ ಹೊದಿಸಿ, ಬಟ್ಟೆಯ ಕೆಳಗೆ ಕೈಯಿಡಿಸಿ ಕಲಿಸುವುದು ಅವರ ಪದ್ಧತಿ. ನೋಡಿ ಹೊಡೆಯುವವರು ಅವರ ಕಣ್ಣಿಗೆ ಕಳ್ಳರಿಗೆ ಸಮಾನ.

ಕಂಪ್ಯೂಟರು ಬಂದು ಕ್ಲಾಸು ಮುಚ್ಚಿತು. ಅದಕ್ಕೆ ಅವರು ಅಳಲಿಲ್ಲವಂತೆ. ಆದರೆ ಒಂದು ದಿನ ಸಂತೆಗೆ ಹೋದಾಗ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂತುಬಿದ್ದ ಬಕೆಟ್ಟು, ಸೈಕಲ್ಲಿನ ಚಕ್ರಗಳ ಜೊತೆಗೆ ಒಂದು ಟೈಪ್‌ರೈಟರು ಕುಳಿತದ್ದನ್ನು ಕಂಡರು. "ಕಬ್ಬಿಣದ ಸಂಗಾಟ ತೂಗಾಕ ಹತ್ತಿದ್ರು ಸರ. ನನ್ನ ಶಾಣ್ಯಾ ಹುಡುಗಿನ್ನ ಯಾರೋ ಸಂತ್ಯಾಗ ಕುಂದರಿಸಿದಂಗಾತು," ಎಂದು ನನಗೊಮ್ಮೆ ಹೇಳಿದರು. ಅಂದು ಕಾಯಿಪಲ್ಯದ ಚೀಲದಲ್ಲಿ ಕಾಯಿಪಲ್ಯ ಬರಲಿಲ್ಲ. ಸಂಗ್ರಹ ಶುರುವಾದದ್ದು ಹಾಗೆ. ಬೆಲೆ ಹೇಳುವ ವಿದ್ಯೆ ಆಮೇಲೆ ಬಂತು. ಮೊಮ್ಮಗಳು ಸ್ನೇಹಾ ಮೊಬೈಲು ಕಲಿಸಿಕೊಟ್ಟಳು. ಯಾವ ದೇಶದಲ್ಲಿ ಯಾವ ಯಂತ್ರ ಎಷ್ಟಕ್ಕೆ ಹರಾಜಾಯಿತು ಎಂಬುದನ್ನು ಅಕ್ಕಾರು ಹಲವು ವರ್ಷ ಒಂದೊಂದಾಗಿ ನೋಡಿ ನೆನಪಿನಲ್ಲಿಟ್ಟುಕೊಂಡರು. ಈಗ ಹುಬ್ಬಳ್ಳಿ, ಸೊಲ್ಲಾಪುರ, ಪುಣೆಗಳಿಂದ ಫೋನು ಬರುತ್ತದೆ. ಫೋನನ್ನು ಯಂತ್ರದ ಪಕ್ಕ ಹಿಡಿದು ಒಂದು ಸಾಲು ಹೊಡೆಯಿರಿ ಎನ್ನುತ್ತಾರೆ ಅಕ್ಕಾರು. ಕಣ್ಣು ಮುಚ್ಚಿ ಕೇಳಿ, ಕಂಪನಿ, ಕಾಲ, ಯಾವ ಕಡ್ಡಿ ಸಡಿಲಾಗಿದೆ ಎಂಬುದನ್ನು ಹೇಳಿಬಿಡುತ್ತಾರೆ.

ಬೆಲೆ ಹೇಳುವ ಮೊದಲು ಮಾತ್ರ ಒಂದು ಪ್ರಶ್ನೆ ತಪ್ಪುವುದಿಲ್ಲ: "ಖರೆ ಹೇಳ್ಲೇನ್ರಿ?"

ನನಗೂ ಅವರಿಗೂ ಪರಿಚಯವಾದದ್ದು ಈ ಪ್ರಶ್ನೆಯಿಂದಲೇ. ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು, ಮಾವನವರು ಬಿಟ್ಟುಹೋದ ಪೆಟ್ಟಿಗೆಯಂಥ ಚಿಕ್ಕ ಯಂತ್ರವನ್ನು ಹೊತ್ತು, ಅದನ್ನು ಮಾರಿದ ಹಣ ನನ್ನ ಮನೆಯ ಹಂಚು ಬದಲಿಸೀತೆಂಬ ಆಸೆಯಿಂದ ಅವರಲ್ಲಿಗೆ ಹೋಗಿದ್ದೆ. ನಿಜವನ್ನೇ ಹೇಳಿರೆಂದೆ. "ಎರಡು ಸಾವಿರ. ಆದ್ರ ನೀವು ಇದನ್ನ ಮಾರಾಕ ಬಂದಿಲ್ರಿ. ಮಾರಾವ್ರು ಇಷ್ಟು ಹುಷಾರಾಗಿ ಎರಡೂ ಕೈಲೆ ಇಳಿಸೂದಿಲ್ಲ," ಎಂದರು. ದುರಸ್ತಿ ಮಾಡಿಸಿಕೊಂಡು ಮನೆಗೆ ಮರಳಿದೆ. ಹಂಚು ಇನ್ನೂ ಹಾಗೆಯೇ ಇದೆ. ಈ ಬರಹದ ಮೊದಲ ಕರಡು ಅದರಲ್ಲೇ ಆಯಿತು.

ಮುಂಡರಗಿಯ ವ್ಯಾಪಾರಿ ನಂದೀಶನ ಪ್ರಸಂಗ ಇಡೀ ಬೆಟಗೇರಿಗೆ ಗೊತ್ತು. ಪುರಾತನ ವಸ್ತು ಹೊಳೆಯಬೇಕೆಂದು ಯಾರೋ ಹೇಳಿದ್ದನ್ನು ನಂಬಿ, ತನ್ನ ತಾತನ ಯಂತ್ರಕ್ಕೆ ಆಪಾದಮಸ್ತಕ ಬಂಗಾರದ ಬಣ್ಣ ಬಳಿದು, ಶಾಲು ಹೊದಿಸಿ, ಮದುಮಗನನ್ನು ಇಳಿಸುವಂತೆ ಕಾರಿನಿಂದ ಇಳಿಸಿದ್ದ. ಅಕ್ಕಾರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಉಗುರಿನಿಂದ ಕೆರೆದರು, ಮೂಸಿದರು.

"ಖರೆ ಹೇಳ್ಲೇನ್ರಿ?"

"ಹೇಳ್ರಿ ಅಕ್ಕಾರ, ಲಕ್ಷಕ್ಕ ಕಡಿಮಿ ಹೇಳಬ್ಯಾಡ್ರಿ ಮತ್ತ."

"ಬಣ್ಣಾ ಹಚ್ಚೂಕ್ಕಿಂತ ಮುಂಚೆ ಆರು ಸಾವಿರ ಇತ್ತು. ಈಗ ಬಣ್ಣಾ ಕೆರಿಯೋ ಕೂಲಿ ಬ್ಯಾರೆ ನೀವು ನನಗ ಕೊಡಬೇಕಾಗ್ತದ."

ನಂದೀಶ ಉಳವಪ್ಪನವರ ಹೆಗಲು ಹಿಡಿದುಕೊಂಡು ನಕ್ಕುಬಿಟ್ಟ. ಹಳೆಯ ಯಂತ್ರದ ಬಗ್ಗೆ ಅಕ್ಕಾರು ಎಲ್ಲರಿಗೂ ಹೇಳುವ ಸೂತ್ರ ಆತನಿಗೂ ಸಿಕ್ಕಿತು: "ತುಕ್ಕು ತೆಗೀರಿ, ಮುಪ್ಪು ತೆಗೀಬ್ಯಾಡ್ರಿ."

ಆದರೆ ಶೇಖವ್ವ ಅಕ್ಕಾರು ಎಂಥವರೆಂದು ನನಗೆ ಪೂರ್ತಿ ತಿಳಿದದ್ದು ಹೋದ ವರ್ಷ, ಲಕ್ಷ್ಮೇಶ್ವರದ ಹಸೀನಾಬಿ ಬಂದ ದಿನ. ಆ ಮುಂಜಾನೆ ನನ್ನ ಯಂತ್ರಕ್ಕೆ ರಿಬ್ಬನ್ನು ಬೇಕಾಗಿ ನಾನು ಅಲ್ಲಿದ್ದೆ. ನಡುವಯಸ್ಸಿನ ಹೆಂಗಸೊಬ್ಬಳು ಗೋಣಿಚೀಲವನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತ, ಬಾಗಿಲಲ್ಲಿ ನಿಂತಳು. ಅವಳ ಮಾವ ಬಹಳ ಹಿಂದೆ ಅರಳೆಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಕಾವಲುಗಾರನಾಗಿದ್ದನಂತೆ. ಕಾರ್ಖಾನೆ ಮುಚ್ಚಿ ಕಚೇರಿ ಖಾಲಿ ಮಾಡುವಾಗ ಯಾರಿಗೂ ಬೇಡವಾದ ಈ ಸಾಮಾನನ್ನು ಅವನಿಗೆ ಕೊಟ್ಟರಂತೆ. ಅಂದಿನಿಂದ ಅದು ಅಡುಗೆಮನೆಯಲ್ಲಿ, ಬೆಕ್ಕು ಮುಚ್ಚಳ ಕೆಡವದಿರಲೆಂದು, ಹಿಟ್ಟಿನ ಡಬ್ಬಿಯ ಮೇಲೆ ಭಾರವಾಗಿ ಕುಳಿತಿತ್ತು.

"ಗುಜರಿಯವ ನಾನೂರು ಅಂದ್ರಿ. ನೀವು ಆರುನೂರು ಕೊಡ್ರಿ ಅಕ್ಕಾರ, ಬಸ್ಸಿನ್ಯಾಗ ಹೊತ್ಕೊಂಡು ಬಂದೀನಿ," ಎಂದು ಚೀಲ ಜಾರಿಸಿದಳು.

ಚೀಲದೊಳಗಿಂದ ಹೊರಬಂದದ್ದು ಗೋಧಿಹಿಟ್ಟು ಮೆತ್ತಿಕೊಂಡ, ಎತ್ತರದ, ಕಪ್ಪನೆಯ ಒಂದು ವಿಚಿತ್ರ ಆಕೃತಿ. ಅಕ್ಕಾರು ಅದನ್ನು ಕಂಡವರೇ ನೆಲದ ಮೇಲೆ ಕುಳಿತುಬಿಟ್ಟರು. ಬ್ರಷ್ಷಿನಿಂದ ಹಿಟ್ಟು ಸರಿಸಿದರು. ಅಕ್ಷರದ ಕಡ್ಡಿಗಳು ನಮ್ಮ ಯಂತ್ರಗಳಂತೆ ಎದುರಿಗಿರಲಿಲ್ಲ. ಹೊಟ್ಟೆಯೊಳಗೆ ವೃತ್ತಾಕಾರವಾಗಿ ನೇತುಬಿದ್ದಿದ್ದವು. ಒತ್ತಿದರೆ ಅವು ಕೆಳಗಿನಿಂದ ಮೇಲಕ್ಕೆ ಹೋಗಿ ಕಾಗದದ ಅಡಿಗೆ ಬಡಿಯುತ್ತವೆ. ಏನು ಅಚ್ಚಾಯಿತೆಂದು ಬರೆಯುವವರಿಗೆ ಕಾಣುವುದಿಲ್ಲ; ಕಾಗದವಿರುವ ಮೇಲಿನ ಭಾಗವನ್ನು ಎತ್ತಿ ನೋಡಬೇಕು. ನೂರು ವರ್ಷಕ್ಕೂ ಹಿಂದಿನ ಈ 'ಕಣ್ಣುಮುಚ್ಚಿ' ಯಂತ್ರದ ಚಿತ್ರವನ್ನು ಅವರು ನನಗೆ ಹಲವು ಸಲ ಮೊಬೈಲಿನಲ್ಲಿ ತೋರಿಸಿ ನಿಟ್ಟುಸಿರು ಬಿಟ್ಟಿದ್ದರು. ಇಪ್ಪತ್ತು ವರ್ಷ ಹುಡುಕಿದ್ದು ಆರುನೂರು ರೂಪಾಯಿಗೆ ಕಾಲಬುಡಕ್ಕೆ ಬಂದು ಕುಳಿತಿತ್ತು.

ಅವರ ಕೈ ಕೋಟಿನ ಒಳಕಿಸೆಗೆ ಹೋಯಿತು. ಹಣವಿರುವುದು ಆ ಕಿಸೆಯಲ್ಲಿ ಎಂದು ನನಗೆ ಗೊತ್ತಿತ್ತು. ಕೈ ಅಲ್ಲಿಯೇ ನಿಂತಿತು. ಉಳವಪ್ಪನವರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಬಾಯಿಗೆ ಒಯ್ಯದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕೈ ಬರಿದಾಗಿ ಹೊರಬಂತು.

"ಖರೆ ಹೇಳ್ಲೇನವ್ವಾ?"

"ಐನೂರಾದ್ರೂ ಕೊಡ್ರಿ ಹಂಗಾರ," ಎಂದಳು ಹಸೀನಾಬಿ, ಬೆಲೆ ಇಳಿಯುತ್ತದೆಂದು ಹೆದರಿ.

"ಇದು ಎಂಬತ್ತು ಸಾವಿರದ್ದೈತಿ."

ಹಸೀನಾಬಿ ನಗಲಿಲ್ಲ. "ಯಾ ಅಲ್ಲಾ! ಕಳುವಿನ ಮಾಲ್ ಅಲ್ರಿ ಇದು, ನಮ್ಮ ಮಾವ ಭಾಳ ಖರೆ ಮನಷ್ಯಾ," ಎನ್ನುತ್ತ ಯಂತ್ರವನ್ನು ಮತ್ತೆ ಗೋಣಿಗೆ ತುರುಕತೊಡಗಿದಳು. ಅಕ್ಕಾರು ಗೋಣಿಯ ಇನ್ನೊಂದು ತುದಿ ಹಿಡಿದರು. ಮಾರುವವಳು ಆರುನೂರಕ್ಕೆ ಹಟ ಹಿಡಿದು, ಕೊಳ್ಳಬೇಕಾದವರು ಎಂಬತ್ತು ಸಾವಿರಕ್ಕೆ ಹಟ ಹಿಡಿದು, ನಡುವೆ ಗೋಣಿಯೊಂದನ್ನು ಜಗ್ಗಾಡಿದ ಇಂಥ ವ್ಯಾಪಾರವನ್ನು ನಾನು ಹಿಂದೆ ಕಂಡಿಲ್ಲ, ಮುಂದೆ ಕಾಣುವ ಭರವಸೆಯೂ ಇಲ್ಲ. ಕೊನೆಗೆ ಉಳವಪ್ಪನವರು ತಮ್ಮ ಕಂಡಕ್ಟರಿಕೆಯ ಕಂಠ ತೆಗೆದು, "ಇಬ್ರೂ ಕುಂಡ್ರಿ ಮೊದಲ!" ಎಂದರು. ಇಬ್ಬರೂ ಕುಳಿತರು. ಚಹಾ ಬಂತು. ಅಕ್ಕಾರು ಮೊಬೈಲಿನಲ್ಲಿ ಅದೇ ಯಂತ್ರದ ಹರಾಜನ್ನು ತೋರಿಸಿದ ಮೇಲೆ ಹಸೀನಾಬಿ ಸೆರಗಿನಿಂದ ಬೆವರೊರೆಸಿಕೊಂಡು, "ಅದರ ಮ್ಯಾಲ ನಾ ದಿನಾ ಒದ್ದಿ ಅರಿವಿ ಒಣಗಿಸ್ತಿದ್ದೆ," ಎಂದಳು. ಆಗ ಮೂವರೂ ನಕ್ಕರು, ನಾನೂ ಸೇರಿಕೊಂಡೆ.

ಹಸೀನಾಬಿ ಹೋದ ಮೇಲೆ ಅಕ್ಕಾರು ನನ್ನ ಕಡೆ ತಿರುಗಿದರು. "ಸರ, ಸುಳ್ಳು ಯಾಕ ಹೇಳ್ಲಿ, ಅರ್ಧಾ ನಿಮಿಷ ಕೈ ಕಿಸೇದಾಗ ಇತ್ತು."

"ಮತ್ತೇನಾಯ್ತ್ರಿ?"

"ತಗೊಂಡ್ಮ್ಯಾಲ ದಿನಾ ನೋಡಬೇಕಲ್ರಿ ಅದರ ಮಾರಿ. ಖುಷಿಲೆ ನೋಡಾಕ ಆಗಬೇಕಲ್ಲ."

ಎಂಬತ್ತು ಸಾವಿರ ಕೊಟ್ಟು ಕೊಳ್ಳುವ ಶಕ್ತಿ ಅಕ್ಕಾರಿಗೆ ಇರಲಿಲ್ಲ; ಪುಣೆಯ ಸಂಗ್ರಾಹಕ ಸುಭಾಷರಿಗೆ ಫೋನು ಹೋಯಿತು. ಎಂಟು ದಿನ ಬಿಟ್ಟು ಬರುತ್ತೇನೆಂದರು. ಮಾರಾಟವಾಗುವವರೆಗೆ ಯಂತ್ರ ಅಕ್ಕಾರ ಮನೆಯಲ್ಲಿರಲೆಂದು ಹಸೀನಾಬಿಯೇ ಹೇಳಿದ್ದಳು. ಆ ಎಂಟು ದಿನ ಬೆಟಗೇರಿಯ ಆ ಮನೆಯಲ್ಲಿ ಬಾಣಂತಿಯಿದ್ದ ಮನೆಯ ಸಂಭ್ರಮ. ಹಿಟ್ಟು ಕಳಚಿತು, ತುಕ್ಕು ಹೋಯಿತು, ಮುಪ್ಪು ಮಾತ್ರ ಉಳಿಯಿತು. ಸಿಕ್ಕಿಕೊಂಡಿದ್ದ ಮೂರು ಕಡ್ಡಿಗಳು ನಾಲ್ಕನೆಯ ದಿನ ಅಲುಗಾಡಿದವು. ಐದನೆಯ ದಿನ ಮೊದಲ ಸಾಲು ಹೊಡೆದು, ಮೇಲ್ಭಾಗ ಎತ್ತಿ ನೋಡಿ, ಅಕ್ಷರಗಳು ಕಂಡಾಗ, ಅಕ್ಕಾರು ಚಪ್ಪಾಳೆ ತಟ್ಟಿ ಕುಣಿದರೆಂದು ಉಳವಪ್ಪನವರು ಪ್ರಮಾಣ ಮಾಡಿ ಹೇಳುತ್ತಾರೆ, ಅಕ್ಕಾರು ಅಲ್ಲಗಳೆಯುತ್ತಾರೆ.

ಆರನೆಯ ದಿನ ಶಿರಹಟ್ಟಿಯಿಂದ ಸೀಮಾ ಬಂದಳು. ಬಟ್ಟೆಯ ಕೆಳಗೆ ಕೈಯಿಟ್ಟು ಕಲಿತ ಹಳೆಯ ಶಿಷ್ಯೆ. ಈಗ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತೆ, ಕೂದಲು ನೆರೆತಿದೆ. ಗುರು ಶಿಷ್ಯೆಯರಿಗೆ ಪಂದ್ಯ ಏರ್ಪಟ್ಟಿತು. ಇಬ್ಬರಿಗೂ ಅದೇ ಹತ್ತು ಸಾಲು, ಹೊಡೆದದ್ದು ಕಾಣದ ಯಂತ್ರ, ನಾನು ತೀರ್ಪುಗಾರ, ಓಣಿಯ ಅರ್ಧ ಜನ ಪ್ರೇಕ್ಷಕರು. ಅಕ್ಕಾರ ಕಾಗದ ಎತ್ತಿದಾಗ ಒಂದು ತಪ್ಪು ಸಿಕ್ಕಿತು. ಸೀಮಾಳ ಕಾಗದವನ್ನು ನಾನು ಮೂರು ಸಲ ಓದಿದೆ.

"ಒಂದೂ ಇಲ್ರಿ," ಎಂದೆ.

ಸೀಮಾ ನಾಚಿ, "ಅಕ್ಕಾರ, ನೀವ ಬೇಕಂತ ತಪ್ಪು ಮಾಡಿದ್ರೇನು?" ಎಂದಳು.

"ಹುಚ್ಚಿ! ನಾ ಯಾಕ ಬೇಕಂತ ಸೋಲ್ಲಿ? ನೀ ಗೆದ್ದಿ ನೋಡು," ಎಂದು ಅಕ್ಕಾರು ಅವಳ ಎರಡೂ ಕೈಗಳನ್ನು ಹಿಡಿದು, ಹತ್ತು ಬೆರಳುಗಳನ್ನೂ ಕಣ್ಣಿಗೊತ್ತಿಕೊಂಡರು. ಸೋತು ಅಷ್ಟು ಹಿಗ್ಗಿದ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಎಂಟನೆಯ ದಿನ ಸುಭಾಷರು ಬಂದರು. ಯಂತ್ರ ನೋಡಿದೊಡನೆ ಅವರ ಕಣ್ಣು ಅರಳಿತು. ಬಾಯಿ ಮಾತ್ರ ನಲವತ್ತೈದು ಸಾವಿರವೆಂದಿತು. ಹಸೀನಾಬಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. "ಖರೆ ಹೇಳ್ಲೇನ್ರಿ ಸುಭಾಷ ಅವ್ರ? ನಲವತ್ತೈದಕ್ಕ ನೀವು ಒಯ್ದ್ರ ನಿಮಗ ನಿದ್ದಿ ಬರೂದಿಲ್ಲ," ಎಂದರು ಅಕ್ಕಾರು. ಅರ್ಧ ತಾಸಿನ ಮಾತಿನ ನಂತರ ಎಂಬತ್ತು ಸಾವಿರಕ್ಕೆ ಒಪ್ಪಿಗೆಯಾಯಿತು. ಹಣ ಹಸೀನಾಬಿಯ ಕೈಗೆ ಹೋಯಿತು. ಸುಭಾಷರು ಅಕ್ಕಾರಿಗೂ ಏನೋ ಕೊಡಲು ಹೋದರು. ಅವರು ಅದನ್ನು ಸರಿಸಿ ಒಂದೇ ಒಂದು ಮಾತು ಕೇಳಿದರು: "ನಿಮ್ಮಲ್ಲೆ ಮಷೀನಿನ ಮುಂದ ಚೀಟಿ ಇಡ್ತೀರಲ್ಲ, ಅದರಾಗ ಲಕ್ಷ್ಮೇಶ್ವರದ ಹಸೀನಾಬಿಯವರ ಮನ್ಯಾಗ ಇತ್ತು ಅಂತ ಬರೀರಿ. ಹಿಟ್ಟಿನ ಡಬ್ಬಿ ಮಾತು ಬ್ಯಾಡ."

"ಅದನ್ನೂ ಬರೀಲಿ ಬಿಡ್ರಿ," ಎಂದಳು ಹಸೀನಾಬಿ. "ಇಲ್ಲಿತನಕ ಗುಜರಿಗೆ ಹೋಗದಂಗ ಉಳದದ್ದ ಅದರಿಂದ."

ಗಾಡಿ ಓಣಿ ದಾಟುವವರೆಗೂ ಅಕ್ಕಾರು ಬಾಗಿಲಲ್ಲಿ ನಿಂತಿದ್ದರು. ಈಗ ಕಣ್ಣು ತುಂಬುತ್ತದೆಂದು ನಾನು ಮುಖ ಬೇರೆ ಕಡೆ ಮಾಡಿದೆ. ಹಾಗಾಗಲಿಲ್ಲ. "ಎಂಟು ದಿನ ಸರ! ಪೂರಾ ಎಂಟು ದಿನ ನನ್ನ ಕೈಯಾಗಿತ್ತು," ಎಂದು, ಜಾತ್ರೆ ಮುಗಿಸಿ ಬಂದ ಮಗುವಿನ ಮುಖ ಮಾಡಿಕೊಂಡು ಒಳಗೆ ಹೋದರು. ಅಂದಿನಿಂದ ಹಸೀನಾಬಿ ಲಕ್ಷ್ಮೇಶ್ವರದ ಗುಜರಿ ಅಂಗಡಿಗಳ ಮೇಲೆಲ್ಲ ಕಣ್ಣಿಟ್ಟಿದ್ದಾಳೆ. ತಿಂಗಳಿಗೊಮ್ಮೆಯಾದರೂ "ಅಕ್ಕಾರ, ಒಂದು ಸಿಕ್ಕೈತ್ರಿ" ಎಂದು ಫೋನು ಮಾಡುತ್ತಾಳೆ. ಹೋದ ಸಲ ಸಿಕ್ಕದ್ದು ಶ್ಯಾವಿಗೆ ಒತ್ತುವ ಯಂತ್ರ. ಅಕ್ಕಾರು ಅದಕ್ಕೂ ಬೆಲೆ ಹೇಳಿದರು.

ಊರೆಂದರೆ ಇಂಥ ಕೆಲವು ಕಣ್ಣುಗಳ ಮೇಲೆ ನಿಂತಿರುತ್ತದೆ ಎಂದು ನನಗೆ ಈಚೆಗೆ ಅನ್ನಿಸುತ್ತಿದೆ: ಒರೆಗಲ್ಲಿನ ಗೆರೆ ನೋಡಿ ಬಂಗಾರದ ಗುಣ ಹೇಳುವ ಪತ್ತಾರ, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮುದುಕ, ಹತ್ತಿಯ ಎಳೆಯನ್ನು ಬೆರಳಲ್ಲಿ ಹಿಂಜಿ ಅದರ ದರ್ಜೆ ಹೇಳುವ ಅಡತಿ ಅಂಗಡಿಯ ದಲ್ಲಾಳಿ. ಬೆಲೆ ಬಲ್ಲವರೂ ಅವರೇ, ಬಲ್ಲದ್ದನ್ನು ಬಚ್ಚಿಟ್ಟು ಗೆಲ್ಲುವ ಅವಕಾಶ ಎಲ್ಲರಿಗಿಂತ ಹೆಚ್ಚಾಗಿ ಇರುವುದೂ ಅವರಿಗೇ. ಅವಕಾಶ ಬಂದ ದಿನ ಕಿಸೆಯಿಂದ ಬರಿಗೈ ತೆಗೆದವರ ಮನೆಗೆ ಒಂದೆರಡು ಅಪರೂಪದ ವಸ್ತುಗಳು ಬಾರದೆ ಹೋಗಬಹುದು. ಆದರೆ ಕಂಡ ವಸ್ತುವನ್ನು ಪೂರ್ತಿ ಕಂಡು, ಅದರ ಮುಂದೆ ಹೀಗೆ ಸಂತೋಷಪಡುವ ಭಾಗ್ಯ, ಅದನ್ನು ಹೊತ್ತೊಯ್ದವರಿಗೂ ಇರುತ್ತದೆಂದು ನಾನು ನಂಬಲಾರೆ.