ಕಾಡಿಗೆಯ ಹೊಳಪು

ನಾನು ಎಣ್ಣೆ ತಿಕ್ಕಿ ಚಂಪಿ ಮಾಡಿ ಹೊಳೆಯಿಸಿ ಕಳಿಸಿದ ಬೋಳುತಲೆಯೊಂದನ್ನು ಕೆಂಪು ಸಿಗ್ನಲ್ ಎಂದುಕೊಂಡು ಮುಂಬೈ ಹಾರ್ಬರ್ ಲೈನಿನ ಲೋಕಲ್ ರೈಲು ವಡಾಲದಲ್ಲಿ ಹನ್ನೊಂದು ನಿಮಿಷ ನಿಂತಿತ್ತು. ನಂಬಿಕೆಯಿಲ್ಲದವರು ಸ್ಟೇಷನ್ ಹೊರಗೆ ಎಣ್ಣೆ ಮರೆಪ್ಪ ಯಾರು ಎಂದು ಕೇಳಿ ನೋಡಿ.

ಅಂಥ ಕೈಗೆ ಗುರುಬಾಯಿ ತನ್ನ ಬೆಕ್ಕನ್ನು ಒಪ್ಪಿಸಿದಳು. ನಮ್ಮ ಚಾಳಿನವಳೇ, ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುವವಳು. ಬೆಕ್ಕಿನ ಹೆಸರು ಕಾಡಿಗೆ. ಮೈತುಂಬ ಹೊಟ್ಟು ಎದ್ದು ಕರಿ ಕೂದಲು ಹಳೆಯ ಪೊರಕೆಯಂತಾಗಿತ್ತು. ಅದು ಕಾಲ ಮೇಲೆ ಮಲಗದಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

"ಮರೆಪ್ಪಣ್ಣಾ, ಬರೇ ಕೊಬ್ಬರಿ ಎಣ್ಣಿ ಎರಡ ಹನಿ ಅಂಗೈಗೆ ಹಚ್ಕೊಂಡು ಸವರು ಅಂದಾರ ಪ್ರಾಣಿ ಡಾಕ್ಟರ್. ಘಮಾ ಘಮಾ ಅನ್ನೋದು ಏನೂ ಬ್ಯಾಡಂತ. ಅದು ಮೈ ನೆಕ್ಕತೈತಿ ನೋಡು. ನನ್ ಕೈ ಒರಟು, ಹತ್ರ ಬರವಲ್ದು."

"ಎರಡ ಹನಿ! ಹುಲಿಗೆ ಚಂಪಿ ಮಾಡಿದಾಂವ ನಾ. ಬಿಟ್ಟು ಕೆಲಸಕ್ಕ ಹೋಗವ್ವ."

ಸಂಜೆ ಅವಳು ಬಂದಾಗ ನಡೆದದ್ದನ್ನು ಹೇಳಿದೆ. ಕಾಡಿಗೆ ಎಷ್ಟು ಹೊಳೆಯಿತೆಂದರೆ, ಬಾಂದ್ರಾದ ನಟಿಯೊಬ್ಬಳು ಕಾರು ನಿಲ್ಲಿಸಿ, ಅದರ ಬೆನ್ನಿನಲ್ಲಿ ಮುಖ ನೋಡಿಕೊಂಡು ಲಿಪ್‌ಸ್ಟಿಕ್ ಹಚ್ಚಿ, ಎತ್ತಿಕೊಂಡೇ ಹೋದಳು. ಎಸಿ ಕೋಣೆ, ಬೆಳ್ಳಿ ತಟ್ಟೆ!

"ನನ್ನ ಕೇಳಲಾರ್ದ ಕೊಟ್ಟಿಯೇನಣ್ಣ?"

ಅವಳು ಅತ್ತಳು. ಅಳುವವರು ಎದುರಿಗಿದ್ದರೆ ನನ್ನ ಮಾತು ಇನ್ನೆರಡು ಮಹಡಿ ಏರುತ್ತದೆ. "ಅದಕ್ಕೀಗ ನಿನ್ನ ಹೆಸರು ಕೇಳಿದ್ರ ಮುಖಾ ತಿರುವತೈತಿ, ಗುರುಬಾಯಿ" ಎಂದೆ.

ಆದರೂ ಪ್ರತಿ ಭಾನುವಾರ ಅವಳು ಒಣ ಬೊಂಬಿಲ್ ಮೀನಿನ ಪೊಟ್ಟಣ ತಂದುಕೊಟ್ಟಳು. ಮೀನು ತಿನ್ನದ ಮನೆಯವಳು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮೀನು ಮಾರುವ ನೀಲಾಬಾಯಿಯ ಬುಟ್ಟಿಯಿಂದ ಆರಿಸುತ್ತಿದ್ದಳು. ನಾನು ಬಾಂದ್ರಾಕ್ಕೆ ಮುಟ್ಟಿಸುತ್ತಿದ್ದೆ. ಕಾಡಿಗೆ ಚಮಚದಲ್ಲಿ ತಿನ್ನುತ್ತಿತ್ತು.

ಐದನೆಯ ಭಾನುವಾರ ಪೊಟ್ಟಣ ಕೊಟ್ಟು ಹೋದವಳು ತಿರುಗಿ ಬಂದಳು. "ಮುಳ್ಳು ತೆಗೆದು ಕೊಡಂತ ಹೇಳೋದು ಮರ್ತೆ…" ಎಂದವಳು ಬಾಗಿಲಲ್ಲೇ ನಿಂತಳು. ನನ್ನ ಒಲೆಯ ಮೇಲೆ ಬೊಂಬಿಲ್ ಹುರಿಯುತ್ತಿತ್ತು.

"ಆ ನಟಿನೇ ಇವತ್ತು ಊಟಕ್ಕ ಬರಾಕಿ ಅದಾಳ…" ಎಂದೆ.

ಅವಳು ಗೋಡೆಯ ಗೂಡಿನಿಂದ ನನ್ನ ಚಂಪಿ ಎಣ್ಣೆಯ ಬಾಟಲಿ ತೆಗೆದು ಮೂಸಿದಳು. ಕರ್ಪೂರ, ನೀಲಗಿರಿ ಎಣ್ಣೆಯ ಘಮ. ನನ್ನ ಕೈ ಹಿಡಿದು ಅಂಗೈ ತುಂಬ ಸುರಿದಳು.

"ನೆಕ್ಕು."

"ಏ, ಇದು ತಲಿಗೆ ಹಚ್ಚೋದವ್ವ."

"ನೆಕ್ಕಣ್ಣ."

ನೆಕ್ಕಲಿಲ್ಲ. ಬಾಯಿ ತಾನಾಗಿ ನಿಜ ಹೇಳಿತು. ಯಾವ ಲೋಕಲೂ ನನಗಾಗಿ ನಿಂತಿಲ್ಲ. ನಟಿ ಇಲ್ಲ. ಎರಡು ಹನಿ ಕೊಬ್ಬರಿ ಎಣ್ಣೆ ಯಾರು ಬೇಕಾದರೂ ಸವರುತ್ತಾರೆ, ಅದಕ್ಕೆ ಮರೆಪ್ಪ ಏಕೆ ಎಂದುಕೊಂಡು ಅರ್ಧ ಬಾಟಲಿ ಸುರಿದು ತಿಕ್ಕಿದ್ದೆ. ಕಾಡಿಗೆ ಮೈ ನೆಕ್ಕಿತು, ಜೊಲ್ಲು ಸುರಿಸಿತು, ನಡುಗಿತು. ನೀನು ಬರುವ ಮೊದಲೇ ಸತ್ತಿತು. ಹಳಿಯ ಪಕ್ಕದ ಕಸದಲ್ಲಿ ಎಸೆದೆ.

ಸಾಯುವ ಮುಂಚೆ ನಿನ್ನ ಖೋಲಿಯ ಕಡೆಗೆ ಹೋಗಲು ನನ್ನ ಬಾಗಿಲನ್ನು ಕೆರೆಯಿತು ಗುರುಬಾಯಿ. ಚಾಳಿನವರು ನೋಡಿ ನಕ್ಕಾರೆಂದು ನಾನು ತೆಗೆಯಲಿಲ್ಲ.