ಒಳಗೆ ಬಿಟ್ಟ ಬಟ್ಟೆ

ಗೋಡೆ ಬಂದು ನೆಲಕ್ಕೆ ಸೇರುವ ಆ ಗೆರೆ, ನಡುವೆ ಒಂದು ಪಟ್ಟಿಯಿಲ್ಲ, ಬಿರುಕಿಲ್ಲ, ಬಿಳಿ ಮುಗಿದಲ್ಲೇ ಬೂದು ಶುರು, ಹೊಲಿಗೆಯೇ ಕಾಣದಂತೆ ಎರಡು ಬಟ್ಟೆ ಕೂಡಿಸಿದ ಹಾಗೆ — ಎಲ್ಲಾದರೂ ಒಂದು ಕಡೆ ದಾರ ಬಿಟ್ಟೇ ಇರುತ್ತದೆ, ಬಿಡದೆ ಎಲ್ಲಿ ಹೋಗುತ್ತದೆ, ಹದಿನೆಂಟು ವರ್ಷ ಹೊಲಿಗೆ ಮಷೀನು ತುಳಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಎಂದುಕೊಳ್ಳುತ್ತಾ ಅವಳು ಸೋಫಾದ ಅಂಚಿನಲ್ಲಿ ಕೂತು ಕಣ್ಣು ಓಡಿಸಿದಳು, ಕಣ್ಣು ಮೂಲೆಯವರೆಗೂ ಹೋಗಿ ಏನೂ ಸಿಗದೆ ವಾಪಸು ಬಂತು. ಇದೇನು ಮನೆಯೋ ಆಸ್ಪತ್ರೆಯೋ, ಒಂದು ಕ್ಯಾಲೆಂಡರಿಲ್ಲ, ಒಂದು ಫೋಟೋ ಇಲ್ಲ, ಕಪಾಟಿಗೆ ಹಿಡಿಯಿಲ್ಲ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಕೂಡ ಯಾವುದೋ ಹಲಗೆಯ ಹಿಂದೆ ಮಾಯ — ಕೊಡಿ ಅಕ್ಕಾ, ಒಳಗಿಡ್ತೀನಿ ಅಂದಳು ಬಾಗಿಲು ತೆರೆದ ನಕ್ಷೆಯವಳು, ಅಕ್ಕಾ ಅಂತೆ, ಯಾರಿಗೆ ಯಾರು ಅಕ್ಕ, ನನ್ನ ಗಂಡನಾಗಿದ್ದವನನ್ನು ಕಟ್ಟಿಕೊಂಡ ಮಾತ್ರಕ್ಕೆ ತಂಗಿಯಾಗಿಬಿಡುತ್ತಾಳಾ. ಮನೆಗಳ ನಕ್ಷೆ ಬರೆಯುವುದು ಅವಳ ಕೆಲಸ, ಈ ಮನೆಯೂ ಅವಳು ಬರೆದದ್ದೇ, ಅಮ್ಮಾ ಆ ಮನೇಲಿ ಗೋಡೆ ಒತ್ತಿದ್ರೆ ಬಾಗ್ಲು ತೆಗ್ಯುತ್ತೆ ಎಂದು ಉಂಡೆ ಬಂದು ವರದಿ ಒಪ್ಪಿಸಿದ್ದಳು — ಉಂಡೆ ಅಂದರೆ ಮಗಳು, ಏಳು ವರ್ಷ, ತೆವಳುವ ವಯಸ್ಸಿನಲ್ಲಿ ದಾರದುಂಡೆಯ ಹಿಂದೆ ತಾನೂ ಉರುಳಿಕೊಂಡು ಹೋಗುತ್ತಿದ್ದವಳು, ಆ ಹೆಸರೇ ನಿಂತಿತು. ಶನಿವಾರ ಭಾನುವಾರ ಅಪ್ಪನ ಮನೆ, ಮಿಕ್ಕ ದಿನ ಅಮ್ಮನ ಮನೆ, ಬೇರೆಯಾದ ಮೇಲೆ ಎರಡು ವರ್ಷದಿಂದ ನಡೆದುಬಂದದ್ದು ಹೀಗೆ, ಈಗ ಅವನು ಅದನ್ನೇ ತಿರುವಿ ಹಾಕೋಣ ಅನ್ನುತ್ತಾನೆ, ಸ್ಕೂಲು ಇಲ್ಲಿಂದ ಹತ್ತು ನಿಮಿಷ, ನಿನ್ನ ಮನೆಯಿಂದ ಎರಡು ಬಸ್ಸು, ಸ್ಕೂಲಿನ ದಿನ ಇಲ್ಲಿರ್ಲಿ, ರಜೆಗೆ ನಿನ್ನತ್ರ, ಯೋಚನೆ ಮಾಡಿ ಭಾನುವಾರ ಹೇಳು. ಯೋಚನೆ ಮಾಡುವುದಕ್ಕೆ ಏನಿದೆ ಮಣ್ಣು, ಆಗಲ್ಲ ಅನ್ನುವ ಒಂದೇ ಮಾತನ್ನು ಎರಡೂ ಬಸ್ಸಿನಲ್ಲಿ ಗುಂಡುಸೂಜಿಯ ಹಾಗೆ ತುಟಿಯಲ್ಲಿ ಕಚ್ಚಿಕೊಂಡೇ ಬಂದಿದ್ದಾಳೆ. ಹೇಳಿ, ಮಗಳನ್ನು ಕರೆದುಕೊಂಡು, ಹೊರಡುವುದು.

ಹೊಟ್ಟೆಕಿಚ್ಚಾ? ಹೌದು, ಹೊಟ್ಟೆಕಿಚ್ಚೇ, ಯಾರ ಮುಂದೆ ಮುಚ್ಚಿಡಬೇಕು, ಅವನಿಗಾಗಿ ಅಂತೂ ಅಲ್ಲ — ಅವನನ್ನು ಬೇಕಾದರೆ ಆ ಹಿಡಿಯಿಲ್ಲದ ಕಪಾಟಿನಲ್ಲಿಟ್ಟು ಮುಚ್ಚಿಕೊಳ್ಳಲಿ — ಈ ಬೆಳಕು, ಗೋಡೆಯಷ್ಟು ಅಗಲದ ಒಂದೇ ಕಿಟಕಿಯಿಂದ ಇಳಿದು ನೆಲದ ಮೇಲೆ ಸುಕ್ಕಿಲ್ಲದೆ ಹರಡಿಕೊಂಡ ಈ ಸಂಜೆ ಬೆಳಕು, ಈ ಖಾಲಿ, ಇದನ್ನು ಕಂಡರೆ ಉರಿಯುತ್ತದೆ, ಖಾಲಿ ಇಟ್ಟುಕೊಳ್ಳುವುದಕ್ಕೂ ಜಾಗ ಇರಬೇಕಲ್ಲ. ಅವಳದು ಅಂಗಡಿಯ ಮೇಲಿನ ಎರಡು ಕೋಣೆ, ಮಷೀನು, ಗಿರಾಕಿಗಳ ಬಟ್ಟೆಗಂಟು, ಇಸ್ತ್ರಿ ಮಾಡುವ ಮೇಜೇ ಊಟದ ಮೇಜು, ಉಂಡೆಯ ಲೆಕ್ಕದ ಪುಸ್ತಕದಲ್ಲಿ ಕೂಡ ದಾರದ ತುಂಡು ಸಿಕ್ಕಿ ಟೀಚರು ನಕ್ಕಿದ್ದರಂತೆ, ನಗಲಿ, ಒಳಕೋಣೆಯ ಸ್ವಿಚ್ಚು ಬಾಗಿಲ ಪಕ್ಕ ಎಲ್ಲೋ ಮೇಲೆ, ಆ ಕಟ್ಟಡ ಕಟ್ಟಿಸಿದವರು ಮನುಷ್ಯರೋ ಜಿರಾಫೆಗಳೋ, ದಿನಕ್ಕೆ ಹತ್ತು ಸಲ ಅಮ್ಮಾ ಲೈಟು, ಇರೇ ಬಂದೆ, ಒಂದು ತೋಳು ಮುಗಿಸೋಕೆ ಬಿಡಲ್ವಲ್ಲೇ ನೀನು, ಗೊಣಗಿಕೊಂಡು ಏಳುವುದು, ಹಾಕುವುದು, ಮತ್ತೆ ಬಂದು ಕೂರುವುದು. ಇಲ್ಲಿ ಯಾರು ಯಾರನ್ನೂ ಕೂಗುವುದಿಲ್ಲವೇನೋ, ಕೂಗಿದರೆ ಗೋಡೆಯ ಬಣ್ಣ ಕೆಟ್ಟೀತು. ಚಹಾದ ಲೋಟ ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು, ಚಿನ್ನದ ಕತ್ತಿ ಅಂತ ಯಾರಾದರೂ ಕುತ್ತಿಗೆ ಕೊಯ್ದುಕೊಳ್ಳುತ್ತಾರಾ, ಮನೆ ಚಂದ ಅಂತ ಮಗಳನ್ನು ಬಿಟ್ಟುಕೊಡುತ್ತಾರಾ, ಈ ಹುಡುಗಿ ಬ್ಯಾಗು ತುಂಬುವುದಕ್ಕೆ ಇಷ್ಟು ಹೊತ್ತಾ, ಎಂದು ಅವಳೇ ಎದ್ದು ಉಂಡೆಯ ಕೋಣೆಗೆ ಹೋದಳು.

ಅಲ್ಲೂ ಅದೇ ಬಿಳಿ, ಒಂದು ಮಂಚ, ಮಗು ಕೂತರೆ ಬೀದಿ ಕಾಣುವಷ್ಟು ತಗ್ಗಿನ ಕಿಟಕಿ, ಅದರ ಕಟ್ಟೆಯ ಮೇಲೆ ಉಂಡೆ ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಮರೆತು ಕೂತಿದ್ದಾಳೆ, ಮತ್ತೆ — ಸಿಕ್ಕಿತು, ಆಹಾ, ಸಿಕ್ಕೇಬಿಟ್ಟಿತು, ಬಾಗಿಲ ಪಕ್ಕ ತಗ್ಗಿನಲ್ಲೊಂದು ಸ್ವಿಚ್ಚು, ಅದರ ಮೇಲೆ ಗೇಣು ಬಿಟ್ಟು ಒಂದು ಖಾಲಿ ಪ್ಲೇಟು, ಅದರ ಮೇಲೆ ಗೇಣು ಬಿಟ್ಟು ಇನ್ನೊಂದು, ಸ್ವಿಚ್ಚಿಲ್ಲ ಏನಿಲ್ಲ, ಬರೀ ಬಿಳಿ ಮುಚ್ಚಳ, ಹರಿದಲ್ಲಿ ತೇಪೆ ಹಾಕಿದ ಹಾಗೆ. ಮೊಸರಲ್ಲಿ ಕಲ್ಲು ಹುಡುಕುವವಳು ಅನ್ನಲಿ, ಕಲ್ಲಿತ್ತಲ್ಲ. ಎದೆ ಹಗುರವಾಯಿತು, ಹಿಂದೆಯೇ ಬಂದಿದ್ದ ನಕ್ಷೆಯವಳ ಕಡೆ ತಿರುಗಿ ಆದಷ್ಟು ನಯವಾಗಿ ಕೇಳಿದಳು, ಇದೇನು, ಇಲ್ಲಿ ಕೆಲಸ ಅರ್ಧಕ್ಕೇ ಬಿಟ್ಟುಬಿಟ್ರಾ? ನಕ್ಷೆಯವಳು ನಗಲಿಲ್ಲ, ಕೊಂಚ ಸಂಕೋಚದಿಂದ ಗೋಡೆ ಸವರಿದಳು, ಇಲ್ಲ ಅಕ್ಕಾ, ಈಗ ಅವಳ ಕೈಗೆ ಎಟುಕೋದು ಕೆಳಗಿಂದು, ಇನ್ನು ಮೂರ್ನಾಲ್ಕು ವರ್ಷಕ್ಕೆ ಸ್ವಿಚ್ಚನ್ನ ನಡುವಿನದಕ್ಕೆ ತರೋದು, ದೊಡ್ಡೋಳಾದ್ಮೇಲೆ ಮೇಲಿಂದಕ್ಕೆ, ಅವಳು ಬಗ್ಗಬಾರ್ದಲ್ಲ, ವೈರು ಈಗ್ಲೇ ಎಳೆಸಿಟ್ಟಿದೀನಿ. ಮತ್ತೆ ಹೇಳಿದಳು, ನಿಮ್ಮನ್ನ ನೋಡೇ ಹೊಳೆದಿದ್ದು, ಅವಳ ಹಳದಿ ಫ್ರಾಕು ಒಗೀವಾಗ ನೋಡ್ದೆ, ಅಂಚಿನೊಳಗೆ ಮೂರು ಬೆರಳು ಬಟ್ಟೆ ಬಿಟ್ಟಿದ್ರಿ. ಮೂರು ಬೆರಳು. ಕಳ್ಳಿ. ಅದು ನನ್ನದು, ಬೆಳೆಯುವ ಮಗು ಎಂದು ಕತ್ತರಿ ಹಾಕುವ ಮುಂಚೆ ಬೆರಳಿಟ್ಟು ಅಳೆದು ಒಳಕ್ಕೆ ಮಡಿಸಿ ಹೊಲಿದದ್ದು ನಾನು, ಮುಂದಿನ ವರ್ಷ ಬಿಚ್ಚಿ ಇಳಿಸುವುದು ನಾನು, ಅದರ ಮುಂದಿನ ವರ್ಷವೂ ನಾನೇ ಇರುತ್ತೇನೆ ಎಂದು ಯಾರಿಗೂ ಹೇಳದೆ ಆ ಮಡಿಕೆಯಲ್ಲಿ ಬಚ್ಚಿಟ್ಟದ್ದು, ಇವಳು ಅದನ್ನು ಬಿಚ್ಚಿ ನೋಡಿ ಗೋಡೆಗೇ ಹೊಲಿದುಬಿಟ್ಟಿದ್ದಾಳೆ, ಮೂರು ಬೆರಳಲ್ಲ, ಮಗಳು ಮಗಳಾಗಿರುವಷ್ಟು ಕಾಲಕ್ಕೂ, ಒಂದರ ಮೇಲೊಂದು, ಎರಡು ಬಿಳಿ ಪ್ಲೇಟು. ಒಡ್ಡೊಡ್ಡಾಗಿ ಹೊಲಿದಿದ್ದರೆ ನಕ್ಕುಬಿಡಬಹುದಿತ್ತು, ಎಷ್ಟು ಅಚ್ಚುಕಟ್ಟು, ಅಯ್ಯೋ, ಎಷ್ಟು ಅಚ್ಚುಕಟ್ಟು. ಉಂಡೆ ಬ್ಯಾಗು ಹೆಗಲಿಗೇರಿಸಿ ಹೊರಗೆ ಹೋಗುತ್ತಾ ನೋಡದೆಯೇ ಕೈಯಾಡಿಸಿ ಲೈಟು ಆರಿಸಿದಳು.

ಗೇಟಿನ ಹತ್ತಿರ ಅವನು ಕೇಳಿದ, ಏನು ಯೋಚನೆ ಮಾಡಿದೆ, ಉಂಡೆ ತಲೆಯೆತ್ತಿ ಒಮ್ಮೆ ಅಪ್ಪನನ್ನು ಒಮ್ಮೆ ಅಮ್ಮನನ್ನು ನೋಡಿದಳು, ಅಮ್ಮ ಯಾರನ್ನೂ ನೋಡದೆ ಹೇಳಿದಳು, ಆಗಲ್ಲ. ಸರಿ, ನಿನ್ನಿಷ್ಟ, ಅಂದ ಅವನು, ಜಗಳವಿಲ್ಲ ಏನಿಲ್ಲ, ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು, ಗೆದ್ದೆ ಅಂತಾದರೂ ಅನ್ನಿಸುತ್ತಿತ್ತು. ಮೊದಲ ಬಸ್ಸಿನಲ್ಲಿ ಉಂಡೆ ಕಿಟಕಿಗೆ ಮುಖ ಒತ್ತಿ ಕೂತಳು, ಎರಡನೆಯದರಲ್ಲಿ ಭುಜಕ್ಕೊರಗಿ ತೂಕಡಿಸಿದಳು, ಯಾಕೆ ಅಂತ ಒಂದು ಮಾತು ಕೇಳಬಾರದೇ ಇವಳು, ಕೇಳಿದರೆ ಏನು ಹೇಳುವುದು, ನಿನ್ನ ಅಮ್ಮನಿಗೆ ಒಂದು ಗೋಡೆಯ ಮೇಲೆ ಹೊಟ್ಟೆಕಿಚ್ಚು ಕಣೇ ಅಂತ ಹೇಳುವುದಾ. ಮನೆ ಮುಟ್ಟುವಾಗ ಮಬ್ಬುಗತ್ತಲೆ, ಹೊರಕೋಣೆಯ ದೀಪ ಹಾಕಿ ಅವಳು ನಾಳೆ ಕೊಡಬೇಕಾದ ಶರಟಿನ ತೋಳು ತೆಗೆದುಕೊಂಡು ಮಷೀನಿಗೆ ಕೂತಳು, ಉಂಡೆ ಒಳಗೆ ಹೋದಳು, ಈಗ ಕೂಗುತ್ತಾಳೆ, ಇಗೋ ಈಗ, ಅಮ್ಮಾ ಲೈಟು, ಕೂಗಲಿ, ಇವತ್ತು ಗೊಣಗುವುದಿಲ್ಲ, ಓಡಿ ಹೋಗಿ ಹಾಕುತ್ತೇನೆ — ಕೂಗು ಬರಲಿಲ್ಲ. ಬಗ್ಗಿ ನೋಡಿದಳು. ಬಾಗಿಲ ಪಕ್ಕ ಗೋಡೆಗೆ ಎದೆಯೊತ್ತಿ, ತುದಿಗಾಲಲ್ಲಿ, ಹಳದಿ ಫ್ರಾಕಿನ ಅಂಚು ಮಂಡಿಯಿಂದ ಮೇಲೇರಿ, ಉಸಿರು ಬಿಗಿಹಿಡಿದು ಉಂಡೆ ಕೈ ಚಾಚಿದ್ದಾಳೆ, ಬೆರಳ ತುದಿಗೂ ಸ್ವಿಚ್ಚಿಗೂ ನಡುವೆ ಇನ್ನೆಷ್ಟು, ಟೇಪು ಬೇಡ, ಕಣ್ಣಳತೆ ಸಾಕು, ಮೂರು ಬೆರಳು — ಕೂಗೇ, ಒಂದು ಸಲ ಕೂಗೇ ನನ್ನ, ಕಾಲು ಪೆಡಲಿನ ಮೇಲೇ ಇದೆ, ಏಳಬೇಕು, ಮೂರೇ ಬೆರಳು, ಆ ಕತ್ತಲೆ ಗೋಡೆಯಲ್ಲಿ ಬಿಳಿ ಪ್ಲೇಟು, ಗೇಣು ಬಿಟ್ಟು ಅದರ ಮೇಲೆ ಇನ್ನೊಂದು, ಒಂದು, ಅದರ ಮೇಲೆ ಇನ್ನೊಂದು