ತೊಳೆದ ಜೋಗುಳ

ಹಾಡಿನ ತಂಡದ ಫೊಕಿಯೋನ್ ಮೇಷ್ಟ್ರು ಹಾಳೆ ತಿರುವುವಾಗಲೆಲ್ಲ ಹೆಬ್ಬೆರಳನ್ನು ನೆಕ್ಕುತ್ತಿದ್ದರು. ಎವ್ಲಂಬಿಯಾಳ ಕೈಗೆ ಬಂದ ಹಾಳೆಯ ಮೂಲೆ ಇನ್ನೂ ಒದ್ದೆಯಾಗಿತ್ತು. ಅವಳು ಆ ಮೂಲೆ ತಾಗದಂತೆ ಎರಡು ಬೆರಳಲ್ಲಿ ಹಿಡಿದುಕೊಂಡಳು.

ಮರುದಿನ ಭಾನುವಾರ ಬೆಳಿಗ್ಗೆ ‘ಥೆಸಲೊನೀಕಿಯ ಸಾವಿರ ವರ್ಷಗಳ ಹಾಡು’ ಎಂಬ ಕಾರ್ಯಕ್ರಮವಿತ್ತು. ಇಗರ್ಜಿಯ ಸ್ತೋತ್ರ, ಯಹೂದಿಗಳು ಸ್ಪೇನಿನಿಂದ ತಂದ ಮದುವೆ ಹಾಡು, ಬಂದರಿನ ಹೆಂಡದಂಗಡಿಗಳ ಬುಜುಕಿ ತಂತಿವಾದ್ಯ, ಎಲ್ಲವೂ. ಎವ್ಲಂಬಿಯಾ ಲಾಂಡ್ರಿಯಲ್ಲಿ ಅಂಗಿ ಇಸ್ತ್ರಿ ಮಾಡುವವಳು. ತಂಡದ ಹಿಂದಿನ ಸಾಲಿನಲ್ಲಿ ಮೂರು ವರ್ಷ ನಿಂತ ಮೇಲೆ ಈಗ ಅವಳಿಗೆ ಒಬ್ಬಳೇ ಹಾಡುವ ಹಾಡೊಂದು ಸಿಕ್ಕಿತ್ತು. ಅದೂ ತನ್ನ ಅಜ್ಜಿಯ ಜೋಗುಳ.

ಮಕ್ರೀನಾ ಅಜ್ಜಿ ತುರ್ಕಿಯ ಅನಾತೋಲಿಯಾದಿಂದ ನಿರಾಶ್ರಿತಳಾಗಿ ಹಡಗಿನಲ್ಲಿ ಬಂದವಳು. ಶಿಲುಬೆ ಹಾಕಿಕೊಳ್ಳುವ ಕ್ರೈಸ್ತಳಾದರೂ ಆಗ ಅವಳಿಗೆ ಬರುತ್ತಿದ್ದದ್ದು ತುರ್ಕಿ ಮಾತೊಂದೇ. ರೊಟ್ಟಿಯ ಸಾಲಿನಲ್ಲಿ ಬಾಯಿ ಬಿಟ್ಟರೆ ಸಾಕು, ‘ತುರ್ಕಿ ಬೀಜ’ ಎಂದು ಈ ಗ್ರೀಕ್ ಊರಿನವರು ಅವಳ ಮುಖಕ್ಕೇ ಉಗಿಯುತ್ತಿದ್ದರು. ಇವತ್ತಿಗೂ ಅವಳು ಅಡುಗೆಮನೆಯಲ್ಲಿ ಸಹ ಆ ಮಾತನ್ನು ಪಿಸುದನಿಯಲ್ಲೇ ಆಡುತ್ತಾಳೆ. ಆದರೂ ಮೇಷ್ಟ್ರು ಟೇಪ್ ರೆಕಾರ್ಡರ್ ಹೊತ್ತು ಬಂದಾಗ, ಮೊಮ್ಮಗಳಿಗೋಸ್ಕರ ಆ ಜೋಗುಳವನ್ನು ತುರ್ಕಿಯಲ್ಲೇ ದನಿಯೆತ್ತಿ ಹಾಡಿದ್ದಳು.

ಹಾಳೆಯಲ್ಲಿ ರಾಗ ಅದೇ ಇತ್ತು. ಮಾತು ಪೂರ್ತಿ ಬೇರೆ. ಕುರುಬ, ಕುರಿಮರಿ, ಹಳೆಯ ಸಾಮ್ರಾಟರ ಲಾಂಛನದ ಎರಡು ತಲೆಯ ಹದ್ದು, ಎಲ್ಲ ಗ್ರೀಕಿನಲ್ಲಿ. ಮೇಲೆ ‘ಬೈಜಾಂಟಿಯನ್ ಅರಮನೆಯ ತೊಟ್ಟಿಲ ಹಾಡು’ ಎಂದು ಅಚ್ಚಾಗಿತ್ತು.

“ಮೇಷ್ಟ್ರೇ, ಮಾತೆಲ್ಲ ಬದಲಾಗಿದೆ.”

“ಬದಲಾಗಿಲ್ಲ ಕಣಮ್ಮಾ, ತೊಳೆದಿದೀನಿ. ಲಾಂಡ್ರಿಯವಳು ನೀನು, ನಿಂಗೇ ಹೇಳ್ಕೊಡ್ಬೇಕಾ?”

ತಂಡದವರೆಲ್ಲ ನಕ್ಕರು. ಮೇಷ್ಟ್ರ ತುಟಿಯ ಕೊನೆಯಲ್ಲಿ ಬಿಳಿ ನೊರೆ ಕೂತಿತ್ತು.

“ಮುಂದಿನ ಸಾಲಲ್ಲಿ ದೊಡ್ಡ ದೊಡ್ಡವ್ರು ಕೂತಿರ್ತಾರೆ. ತುರ್ಕಿ ಕಿವಿಗೆ ಬಿದ್ರೆ ಎದ್ದು ಹೋಗ್ತಾರಷ್ಟೆ.”

“ನಮ್ಮಜ್ಜಿ ಕೇಳಕ್ಕೆ ಬರ್ತಾರೆ.”

“ಬರ್ಲಿ, ಪಾಪ. ಹಿಂದುಗಡೆ ಕೂರ್ಸು. ಆ ಪಸ್ತುರ್ಮಾ ಮಾಂಸದ ಬೆಳ್ಳುಳ್ಳಿ ವಾಸ್ನೆ ನಮ್ಗೆ ಸಹಿಸಕ್ಕಾಗಲ್ಲ.”

ಟೇಪ್ ಮಾಡಿದ ದಿನ ಅಜ್ಜಿಯ ಮನೆಯಲ್ಲಿ ಅದೇ ಪಸ್ತುರ್ಮಾವನ್ನು ಆರು ಹೋಳು ತಿಂದು, ತಟ್ಟೆಯ ಮಸಾಲೆಯನ್ನೂ ಬೆರಳಿಂದ ಬಳಿದು ನೆಕ್ಕಿದ ಬಾಯಿ ಅದು.

“ಹಾಡಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಆಂಥೂಲಾ ಕಾಯ್ತಾ ಇದಾಳೆ.”

ಹಿಂದಿನ ಸಾಲಿನಲ್ಲಿ ಆಂಥೂಲಾ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

“ಹಾಡ್ತೀನಿ,” ಎಂದಳು ಎವ್ಲಂಬಿಯಾ, ಬೇಗ.

ಭಾನುವಾರ ಆ ಹಾಳೆಯಲ್ಲಿದ್ದಂತೆಯೇ ಹಾಡಿದಳು. ಎಲ್ಲೂ ತಪ್ಪಲಿಲ್ಲ. ಮುಂದಿನ ಸಾಲಿನ ದಪ್ಪ ಮುದುಕನೊಬ್ಬ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು, ಅದರಲ್ಲೇ ಮೂಗನ್ನೂ ಸೀಟಿದ. ಈತನೂ ಒಂದು ಕಾಲಕ್ಕೆ ರೊಟ್ಟಿಯ ಸಾಲಿನಲ್ಲಿ ಅಜ್ಜಿಗೆ ಉಗಿದಿದ್ದನೇನೋ ಅನ್ನಿಸಿತು ಅವಳಿಗೆ. ಅಜ್ಜಿ ಕೊನೆಯ ಸಾಲಿನಲ್ಲಿ ಕಪ್ಪು ತಲೆವಸ್ತ್ರ ಕಟ್ಟಿ ನೆಟ್ಟಗೆ ಕೂತಿದ್ದಳು. ಅತ್ತ ನೋಡದಿರಲು ಎವ್ಲಂಬಿಯಾ ಗೋಡೆಯ ಗಡಿಯಾರವನ್ನು ನೋಡುತ್ತ ಹಾಡು ಮುಗಿಸಿದಳು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅಜ್ಜಿ ಅವಳ ಕಾಲರು ಸರಿಮಾಡಿದಳು.

“ಎಷ್ಟು ಚೆನ್ನಾಗಿ ಹಾಡ್ದೆ ಮಗಾ! ಯಾರ ಹಾಡು ಅದು?”

ಕುಹಕವಿರಲಿಲ್ಲ, ಕೋಪವೂ ಇರಲಿಲ್ಲ. ಸುಳ್ಳು ಹೇಳುವುದಾದರೆ ಹೇಳಲಿ ಎಂದು ಮೊಮ್ಮಗಳಿಗೆ ದಾರಿ ಬಿಟ್ಟುಕೊಟ್ಟಿದ್ದಳು, ಅಷ್ಟೇ.

“ನಿಂದೇ ಅಲ್ವಾ ಅಜ್ಜಿ.”

“ಇಲ್ಲ ಬಿಡು. ನನ್ನದ್ರಲ್ಲಿ ನನ್ ತಮ್ಮ ಲಾಜಾರಿ ಹೆಸ್ರಿದೆ. ಹಡಗಿಂದ ಇಳಿದ್ಮೇಲೆ ನಮ್ಮನ್ನ ಇಟ್ಟಿದ್ದ ಶೆಡ್ಡಲ್ಲಿ ಅವನ ಉಸ್ರು ನಿಲ್ಲೋವರ್ಗೂ ಹಾಡಿದ್ದು ಅದನ್ನ. ಇವತ್ತು ಅವನ ಹೆಸ್ರು ಎಲ್ಲೂ ಕೇಳಿಸ್ಲಿಲ್ಲ ನಂಗೆ.”

ಒಳಗಿಂದ ಮೇಷ್ಟ್ರು ಕೂಗಿದರು: “ಎವ್ಲಂಬಿಯಾ, ಬಾರಮ್ಮಾ, ದೊಡ್ಡವ್ರು ನಿನ್ನ ನೋಡ್ಬೇಕಂತೆ!”

ಅಜ್ಜಿ ಅವಳ ಬೆನ್ನು ತಟ್ಟಿ, “ಹೋಗು,” ಎಂದಳು.

ಎವ್ಲಂಬಿಯಾ ಕದಲಲಿಲ್ಲ. ಅವಳಿಗೆ ತನ್ನ ನಾಲಗೆಯೇ ಅಸಹ್ಯವಾಗಿತ್ತು, ಯಾರೋ ನೆಕ್ಕಿ ಬಿಟ್ಟ ಚಮಚೆಯ ಹಾಗೆ.